ತೆಲುಗು ಓದಲು ಬರುವ ಅಳಿಯ

ಕಾಲೇಜಿನ ಅರ್ಜಿಯಲ್ಲಿ ಭಾಷೆ ಎಂಬ ಖಾನೆ ಬಂದಾಗ ರಶ್ಮಿ ಪೆನ್ನು ನಿಲ್ಲಿಸಿದಳು. ಕುರುಗೋಡಿನ ಆ ಮನೆಯಿಂದ ಡಿಗ್ರಿ ಓದಲು ಹೊರಟವಳು ಅವಳೇ ಮೊದಲು. ಹಾಗಾಗಿ ಅರ್ಜಿಯ ಸುತ್ತ ಮನೆಮಂದಿಯೆಲ್ಲ ಕೂತಿದ್ದರು: ಅಪ್ಪ ಚನ್ನಬಸವರಾಜ, ಅವ್ವ ದಾಕ್ಷಾಯಣಿ, ಅಪ್ಪನ ತಾಯಿ ಕೊಟ್ರಮ್ಮ. ನಡುವೆ ಒಂದು ಬೋಗುಣಿ ಉಗ್ಗಾಣಿ, ಒಂದು ತಟ್ಟೆ ಮಿರ್ಚಿ.

"ಕನ್ನಡಾನ ಬರೀಲೇನಪ್ಪಾ?"

"ಕನ್ನಡ ಎಲ್ಲಾರೂ ತಗೊಂತಾರ. ತೆಲುಗು ಬರಿ," ಎಂದ ಚನ್ನಬಸವರಾಜ ಮಿರ್ಚಿ ಮುರಿಯುತ್ತ. "ಮನ್ಯಾಗ ತೆಲುಗು, ಮಿಲ್ಲಿನ್ಯಾಗ ತೆಲುಗು, ಬಸ್ಸಿನ್ಯಾಗ ತೆಲುಗು. ಓದ್ಲಾರದ ಮಾರ್ಕ್ಸ್ ಬೀಳ್ತಾವು."

"ಮಾತಾಡಾಕ ಬರ್ತೈತಿ. ಅಕ್ಷರ?"

"ಅಕ್ಷರ ಏನು ಮಹಾ? ಅವೂ ನಮ್ಮವ. ಒಂದೆರಡು ಕೊಂಡಿ ಹೆಚ್ಚುಕಮ್ಮಿ. ನಾ ಇಲ್ಲೇನು ಕಲಿಸಾಕ?"

ಕೊಟ್ರಮ್ಮ ಕೂಡಲೇ ಮಗನ ಜೊತೆ ದನಿಗೂಡಿಸಿದಳು. "ನಿಮ್ಮಪ್ಪಗ ತೆಲುಗು ಓದಾಕ ಬರಿಯಾಕ ಬರ್ತೈತಿ ಅಂತನ ನಿಮ್ಮವ್ವನ್ನ ಕೊಟ್ಟಿದ್ದು. ಗೊತ್ತೈತಿಲ್ಲೋ?"

ಗೊತ್ತಿಲ್ಲದೆ ಏನು, ಆ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುವ ಮಾತು ಅದು. ದಾಕ್ಷಾಯಣಿ ಗಡಿಯಾಚೆಯವಳು, ಆಲೂರಿನ ಹತ್ತಿರದ ಹಳ್ಳಿಯವಳು. ಅವಳಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಮದುವೆಯ ಮಾತುಕತೆಯಲ್ಲಿ ಅವಳ ತಂದೆ, "ನಮ್ಮ ಸುಖದುಃಖ ಬರೆದು ಕಳಿಸಿದರೆ ಮಗಳಿಗೆ ಓದಿ ಹೇಳುವವನು ಬೇಕಲ್ಲ" ಎಂದು ಹಿಂದೆಮುಂದೆ ನೋಡಿದಾಗ ಕೊಟ್ರಮ್ಮ ಈ ಒಂದು ಮಾತು ಆಡಿ ಸಂಬಂಧ ಕೂಡಿಸಿದ್ದಳು. ಆ ಮನೆಯಲ್ಲಿ ಎಂದೂ ಎತ್ತದ ಮಾತೂ ಒಂದಿತ್ತು. ಅದು ದಾಕ್ಷಾಯಣಿಯ ಅಣ್ಣ ಮರಿಬಸಪ್ಪನ ಹೆಸರು. ತಾನು ನಾಯನ ಎಂದು ಕರೆಯುತ್ತಿದ್ದ ಅಪ್ಪ ಸಾಯುವಾಗ ಅಣ್ಣ ತನಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿಸಲಿಲ್ಲ ಎಂಬ ಸಿಟ್ಟಿಗೆ ಅವಳು ಹದಿನೆಂಟು ವರ್ಷದಿಂದ ತವರಿನ ಹೊಸ್ತಿಲು ತುಳಿದಿರಲಿಲ್ಲ.

ರಶ್ಮಿ ಖಾನೆಯಲ್ಲಿ ತೆಲುಗು ಎಂದು ಬರೆದಳು, ಕನ್ನಡದಲ್ಲಿ.

ಆಗಸ್ಟ್ ಕೊನೆಗೆ ಕ್ಲಾಸು ಶುರುವಾದವು. ದಾಕ್ಷಾಯಣಿ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಶಾಲೆಯ ಮುನ್ನೂರು ಮಕ್ಕಳಿಗೆ ಬೇಯಿಸುವ ಮೊದಲು ಮನೆಯವರಿಗೆ ಬೇಯಿಸಬೇಕು. ಆರೂವರೆಗೆಲ್ಲ ರೊಟ್ಟಿ ಬಡಿದು, ಪುಂಡಿಪಲ್ಯ ಹಚ್ಚಿ ಸುತ್ತಿ ಮಗಳ ಕೈಗಿಟ್ಟರೆ ಏಳರ ಬಳ್ಳಾರಿ ಬಸ್ಸು. ಚನ್ನಬಸವರಾಜ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಸೋಮವಾರ ಹೋದರೆ ಶನಿವಾರ ಸಂಜೆಯೇ ಬರುವುದು.

ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿ ನೂರಾ ಹತ್ತು ಮಂದಿ. ಅಕೌಂಟೆನ್ಸಿ ಕ್ಲಾಸಿನಲ್ಲಿ ರಶ್ಮಿ ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. ತೆಲುಗು ಕ್ಲಾಸಿನಲ್ಲಿ ಇದ್ದದ್ದೇ ಒಂಬತ್ತು ಜನ, ಅಲ್ಲಿ ಅವಳೇ ರಾಣಿ. ಅತಿಥಿ ಉಪನ್ಯಾಸಕ ಎರ್ರೆಪ್ಪ ಸರ್ ಕೇಳಿದ ಪ್ರಶ್ನೆಗೆಲ್ಲ ಪಟಪಟನೆ ಉತ್ತರ ಕೊಡುವಳು. "ಚೂಡಂಡ್ರಾ, ಈ ಅಮ್ಮಾಯಿ ತೆಲುಗು ಎಂತ ಚಕ್ಕಗಾ ಉಂದೋ," ಎಂದು ಅವರು ಅವಳ ತೆಲುಗಿನ ಚೆಂದವನ್ನು ಉಳಿದವರಿಗೆ ತೋರಿಸಿದ ದಿನ ಮನೆಗೆ ಬಂದು ಅವ್ವನನ್ನು ತಬ್ಬಿಕೊಂಡಿದ್ದಳು. ಸರ್ ಹೇಳಿದ್ದನ್ನು ಕಿವಿಯಲ್ಲಿ ಕೇಳುವುದು, ಕನ್ನಡದ ಅಕ್ಷರದಲ್ಲಿ ನೋಟ್ಸಿಗಿಳಿಸುವುದು, ಇಷ್ಟೇ ಅವಳ ಓದು. ಪುಸ್ತಕ ತೆರೆದರೆ ಅರ್ಧ ಅಕ್ಷರ ನೆಂಟರ ಹಾಗೆ ಕಾಣುತ್ತಿದ್ದವು, ಇನ್ನರ್ಧ ಅಪರಿಚಿತರು.

"ಪರೀಕ್ಷೀಗೂ ಹಿಂಗ ಬರದ್ರ ನಡೀತೈತೇನಪ್ಪಾ?" ಎಂದು ಒಂದು ಭಾನುವಾರ ಕೇಳಿದ್ದಳು.

"ಮಾತು ತೆಲುಗು ಐತೋ ಇಲ್ಲೋ? ಮತ್ತ? ನಾ ಮಿಲ್ಲಿನ್ಯಾಗ ಬರಿಯೋದು ಹಂಗ. ಯಾರೂ ಏನೂ ಅಂದಿಲ್ಲ."

ಅಪ್ಪ ಅಂದಮೇಲೆ ಮುಗಿಯಿತು. ಆರನೆಯ ವಾರದ ಕಿರುಪರೀಕ್ಷೆಯಲ್ಲಿ ಎಂಟು ಪುಟ ತುಂಬಿಸಿ ಬಂದಳು. ಮರುವಾರ ಎರ್ರೆಪ್ಪ ಸರ್ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ ಉತ್ತರಪತ್ರಿಕೆ ಎದುರಿಗಿಟ್ಟರು. ಇಪ್ಪತ್ತಕ್ಕೆ ಸೊನ್ನೆ.

"ಇದು ಯಾವ ಭಾಷೆನಮ್ಮಾ?"

"ತೆಲುಗು ಸಾರ್."

"ಅಕ್ಷರ?"

"ನಮ್ಮವ ಸಾರ್."

ಸರ್ ನಕ್ಕರು. ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಉತ್ತರ ಎಲ್ಲಾ ಸರಿ ಅದಾವು. ಆದ್ರ ಇದಕ್ಕ ಮಾರ್ಕ್ಸ್ ಕೊಟ್ರ ನನ್ನ ಮನಿಗೆ ಕಳಿಸ್ತಾರ. ಯಾರಮ್ಮಾ ಹಿಂಗ ಬರಿ ಅಂದೋರು?"

"ನಮ್ಮಪ್ಪ ಸಾರ್. ಅವರಿಗೆ ತೆಲುಗು ಓದಾಕ ಬರಿಯಾಕ ಬರ್ತೈತಿ."

"ಹೌದಾ?" ಎಂದರು ಸರ್. ಒಂದನೇ ತರಗತಿಯ ತೆಲುಗು ವಾಚಕವೊಂದನ್ನು ಕೊಟ್ಟು ಕಳಿಸಿದರು.

ಹತ್ತನೇ ತರಗತಿಯಲ್ಲೂ ಪಿಯುಸಿಯಲ್ಲೂ ಒಮ್ಮೆಯೂ ಫೇಲಾಗದ ಹುಡುಗಿಗೆ ಆ ಸೊನ್ನೆ ಕಪಾಳಕ್ಕೆ ಬಿದ್ದ ಏಟಾಯಿತು. ಕೊಳಗಲ್ಲು ದಾಟುವತನಕ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತಳು. ಶನಿವಾರ ಅಪ್ಪ ಬಂದು ಕೈಕಾಲು ತೊಳೆಯುವುದರೊಳಗೆ ವಾಚಕ ಹಿಡಿದು ನಿಂತಳು.

"ಕಲಿಸಪ್ಪಾ. ಇವತ್ತ ಶುರು ಮಾಡು."

"ಈಗ ಬಂದೀನಿ, ನಾಳಿ ನೋಡೋಣು."

ನಾಳೆ ಅವನಿಗೆ ಕಣ್ಣುನೋವು. ಮುಂದಿನ ಭಾನುವಾರ ಯಾರದೋ ಮನೆಯ ಗೃಹಪ್ರವೇಶ. ಅದರ ಮುಂದಿನ ಭಾನುವಾರ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಪುಸ್ತಕ ತೆಗೆದುಕೊಂಡು, ಒಂದು ಪುಟ ತಿರುಗಿಸಿ, ಮತ್ತೊಂದು ತಿರುಗಿಸಿ, "ಇದು ಹೊಸಾ ಅಕ್ಷರಲೇ. ನಾವು ಕಲ್ತಿದ್ದು ಹಳೇವು," ಎಂದುಬಿಟ್ಟ.

"ತೆಲುಗಿನ್ಯಾಗ ಹಳೇವು ಹೊಸಾವು ಇರ್ತಾವೇನ್ರಿ?" ಎಂದಳು ದಾಕ್ಷಾಯಣಿ ಅಕ್ಕಿ ಆರಿಸುತ್ತ.

"ನಿನಗೇನು ತಿಳೀತೈತಿ? ಸುಮ್ನ ಅಕ್ಕಿ ನೋಡು," ಎಂದಳು ಕೊಟ್ರಮ್ಮ.

ರಶ್ಮಿ ತಾನೇ ಕಲಿಯತೊಡಗಿದಳು. ಕನ್ನಡದ ತಲೆಕಟ್ಟು ಅಡ್ಡ ಮಲಗಿದ್ದರೆ ತೆಲುಗಿನದು ಮೇಲಕ್ಕೆ ಚಿಮ್ಮಿರುತ್ತದೆ. ಇಷ್ಟು ತಿಳಿದ ಮೇಲೆ ಬಸ್ಸಿನ ಬೋರ್ಡು, ಸಿಮೆಂಟಿನ ಚೀಲ, ಔಷಧಿ ಅಂಗಡಿಯ ಚೀಟಿ ಏನು ಸಿಕ್ಕರೂ ಬಿಡದೆ ಕೂಡಿಸಿ ಕೂಡಿಸಿ ಓದಿದಳು. ದಸರಾ ರಜೆಯ ಹೊತ್ತಿಗೆ ನಿಧಾನವಾಗಿಯಾದರೂ ತಪ್ಪಿಲ್ಲದೆ ಓದುವಷ್ಟಾದಳು.

ಆ ರಜೆಯಲ್ಲಿ ದಾಕ್ಷಾಯಣಿ ಹೋಳಿಗೆ ಕಟ್ಟಿಕೊಟ್ಟು ಮಗಳನ್ನು ಸಿರುಗುಪ್ಪಕ್ಕೆ ಕಳಿಸಿದಳು. ಹಬ್ಬಕ್ಕೂ ರಜೆ ಸಿಗದ ಗಂಡನಿಗೆ ಇಷ್ಟಾದರೂ ಮುಟ್ಟಲಿ ಎಂದು. ಗಿರಣಿಯ ಬಾಗಿಲಲ್ಲಿ ಆಂಧ್ರದ ಲಾರಿ ನಿಂತಿತ್ತು. ಡ್ರೈವರು ಕೊಟ್ಟ ಚೀಟಿಯನ್ನು ಚನ್ನಬಸವರಾಜ ಒಮ್ಮೆ ದೂರ ಹಿಡಿದ, ಒಮ್ಮೆ ಹತ್ತಿರ ಹಿಡಿದ.

"ಕನ್ನಡಕ ಮನ್ಯಾಗ ಬಿಟ್ ಬಂದೀನಿ. ಏ ವೀರೇಶಾ, ಇದನ್ನಷ್ಟು ಓದಲೇ."

ಕನ್ನಡಕ ಅವನ ಅಂಗಿಯ ಜೇಬಿನಲ್ಲೇ ಇತ್ತು. ತೂಕದ ಕೆಲಸದ ವೀರೇಶ ಬಂದು ಚೀಟಿ ಓದಿದ. ಚನ್ನಬಸವರಾಜ ಲಾರಿಯ ಕಡೆ ಹೋದ ಮೇಲೆ ರಶ್ಮಿಗೆ ಕುರ್ಚಿ ಹಾಕುತ್ತ ನಕ್ಕ.

"ತೆಲುಗು ಚೀಟಿ ಬಂದಾಗೆಲ್ಲಾ ನಿಮ್ಮಪ್ಪನ ಕನ್ನಡಕ ಕಳೀತೈತವ್ವ. ಹತ್ತು ವರ್ಷಾತು, ನಾನ ಓದಿ ಹೇಳೋದು. ನಾನೂ ನಿಮ್ಮವ್ವನ ಕಡೇವನ, ಆಲೂರು."

ಅಪ್ಪ ದೊಡ್ಡ ಮಾತಾಡುತ್ತಾನೆ ಎಂದು ರಶ್ಮಿಗೆ ಗೊತ್ತಿತ್ತು, ಸುಳ್ಳಾಡುತ್ತಾನೆ ಎಂದು ಗೊತ್ತಿರಲಿಲ್ಲ. ತಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಒಂದು ಮಾತು, ಅವ್ವನ ಮದುವೆ ನಿಂತಿದ್ದೇ ಆ ಮಾತಿನ ಮೇಲೆ, ಅದರಲ್ಲಿ ಹುರುಳೇ ಇಲ್ಲ. ಅಪ್ಪ ಎದುರಿಗೆ ಕೂತು ಹೋಳಿಗೆ ತಿನ್ನುತ್ತ, "ನಿಮ್ಮವ್ವ ತುಪ್ಪ ಕಳಿಸಿಲ್ಲೇನು?" ಎಂದು ಕೇಳಿದಾಗ ಅವನ ಮುಖ ನೋಡಲಾಗದೆ ನೆಲ ನೋಡಿದಳು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ನವೆಂಬರಿನಲ್ಲಿ ಎರ್ರೆಪ್ಪ ಸರ್ ಹತ್ತು ಅಂಕದ ಅಸೈನ್‌ಮೆಂಟ್ ಕೊಟ್ಟರು. ಮನೆಯಲ್ಲೋ ಊರಲ್ಲೋ ಸಿಗುವ ಕೈಬರಹದ ತೆಲುಗು ತಂದು, ಕನ್ನಡದ ಅಕ್ಷರಕ್ಕಿಳಿಸಿ, ಅರ್ಥ ಬರೆಯಬೇಕು. ರಾತ್ರಿಯ ಊಟಕ್ಕೆ ಕೂತಾಗ ರಶ್ಮಿ ಆ ಮಾತು ತೆಗೆದಳು.

"ನನ್ನ ಹತ್ರ ಐತಿ," ಎಂದಳು ದಾಕ್ಷಾಯಣಿ.

ಕೈ ತೊಳೆದು ಹೋಗಿ ಅಲಮಾರಿಯ ಸೀರೆಗಳ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಳು. ಒಳಗೆ ಒಂದು ನೀಲಿ ಇನ್‌ಲ್ಯಾಂಡ್ ಪತ್ರ.

"ನಿಮ್ಮ ಮಾವ ಬರದಿದ್ದು. ನಿನಗಾಗ ಮೂರು ತಿಂಗಳು. ನಿಮ್ಮಪ್ಪ ಇಲ್ಲೇ ಕಟ್ಟಿ ಮ್ಯಾಲೆ ಕುಂತು ಓದಿ ಹೇಳಿದ್ರು. ಎಲ್ಲಾರೂ ಆರಾಮ ಅದೀವಿ, ನಾಯನ ಆರಾಮ ಅದಾನ, ಯುಗಾದಿಗೆ ಕೂಸಿನ್ನ ಕರ್ಕೊಂಡು ನಿಧಾನಕ ಬಾ ಅಂತ. ಹದಿನೈದು ದಿನಕ್ಕ ನಾಯನ ಹೋದ. ಸುದ್ದಿ ಮುಟ್ಟಿ ನಾವಿಬ್ರೂ ಹೋಗೋದ್ರಾಗ ಮಣ್ಣು ಕೊಟ್ಟು ಮುಗಿದಿತ್ತು. ಮುಖ ನೋಡ್ಲಿಲ್ಲ. ಆ ನಿಮ್ಮ ಮಾವ ಏನಂದ ಗೊತ್ತೇನು? ಬೇಗ ಬಾ ಅಂತ ಪತ್ರ ಬರದಿದ್ನಿ, ನೀನ ಬರ್ಲಿಲ್ಲ ಅಂದ! ಊರ ಮಂದಿ ಎದುರಿಗೆ ಸುಳ್ಳ ಅಂದು ಬಂದೆ. ಅದಕ್ಕ ಇದನ್ನ ಇಟ್ಕೊಂಡೀನಿ. ಎಂದಾರ ಎದುರಿಗೆ ಸಿಕ್ರ ಮುಖಕ್ಕ ಹಿಡೀತೀನಿ. ತಗೊಂಡು ಹೋಗು, ನಿಮ್ಮ ಸರ್ರೂ ಓದ್ಲಿ."

ಕೊಟ್ರಮ್ಮ ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಎದ್ದಳು. "ಹಳೇ ಕಾಗದ ಯಾಕ ಬೇಕು ಕಾಲೇಜಿಗೆ?" ಎಂದಳು.

ರಶ್ಮಿಗೆ ಪತ್ರ ಮುಟ್ಟಲು ಹೆದರಿಕೆಯಾಯಿತು. ಬೆಳಗಿನ ಬಸ್ಸಿನಲ್ಲಿ ತೆರೆದಳು. ಮೂರೇ ಸಾಲಿನ ಪತ್ರ. ಒಮ್ಮೆ ಓದಿದಳು, ತನ್ನ ಓದು ಹೊಸದು, ತಪ್ಪಿರಬಹುದು ಎಂದು ಮತ್ತೆ ಓದಿದಳು. ಬಳ್ಳಾರಿ ಬರುವತನಕ ಐದು ಸಲ ಓದಿದಳು. ಐದು ಸಲವೂ ಅದೇ ಮೂರು ಸಾಲು. ಅಂದು ಕ್ಲಾಸಿನಲ್ಲಿ ಯಾರು ಏನು ಪಾಠ ಮಾಡಿದರು ಎಂಬುದು ಅವಳಿಗೆ ತಿಳಿಯಲಿಲ್ಲ. ಅಸೈನ್‌ಮೆಂಟಿಗೆ ವೀರೇಶನಿಂದ ಒಂದು ಲಾರಿ ಚೀಟಿಯ ಫೋಟೋ ತರಿಸಿಕೊಂಡು ಅದನ್ನೇ ಬರೆದು ಕೊಟ್ಟಳು.

"ಸರ್ ಏನಂದ್ರು?" ಎಂದು ದಾಕ್ಷಾಯಣಿ ದಿನಾ ಸಂಜೆ ಕೇಳುವಳು.

"ಇನ್ನೂ ನೋಡಿಲ್ಲವ್ವ."

"ಯಾಕ ಊಟ ಬಿಟ್ಟಿ? ಉಪ್ಪಿಲ್ಲೇನು?"

"ಹಸಿವಿಲ್ಲ."

ಹೀಗೆ ಶನಿವಾರ ಬಂತು, ಚನ್ನಬಸವರಾಜನೂ ಬಂದ. ಭಾನುವಾರ ಮಧ್ಯಾಹ್ನ ಎಲ್ಲರಿಗೂ ಬಡಿಸಿ ಕೂತ ದಾಕ್ಷಾಯಣಿ ಮಗಳಿಗೆ ಹೇಳಿದಳು: "ಸರ್ ನೋಡ್ಲಿಲ್ಲಂದ್ರ ಹೋಗ್ಲಿ, ನೀ ಓದು. ನಿನಗೀಗ ಬರ್ತೈತಲ್ಲ. ನಿಮ್ಮಪ್ಪನೂ ಅದಾರ, ಅವರೂ ಕೇಳ್ಲಿ."

"ಉಣ್ಣೋ ಹೊತ್ತಿನ್ಯಾಗ ಅದೆಲ್ಲಾ ಯಾಕ?" ಎಂದ ಚನ್ನಬಸವರಾಜ.

"ಮೂರು ಸಾಲು ಓದಾಕ ಎಷ್ಟು ಹೊತ್ತು ಬೇಕ್ರಿ?"

ರಶ್ಮಿ ಅಪ್ಪನನ್ನು ನೋಡಿದಳು. ಬೇಡ ಎಂದು ಅವನು ಒಂದು ಮಾತು ಹೇಳಿದ್ದರೆ ಸುಮ್ಮನಿರುತ್ತಿದ್ದಳೋ ಏನೋ. ಅವನು ಅನ್ನ ಕಲಸುತ್ತಲೇ ಇದ್ದ. ಅವಳು ಪತ್ರ ಬಿಚ್ಚಿ ಓದಿದಳು.

"ನಾಯನ ಮಂಚಂ ಪಟ್ಟಿನಾಡು. ನೀ ಪೇರೇ ಪಿಲುಸ್ತುನ್ನಾಡು. ಬಿಡ್ಡನೆತ್ತುಕೊನಿ ವೆಂಟನೇ ರಾ."

ಆ ಮನೆಯಲ್ಲಿ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾನೆ. ನಿನ್ನ ಹೆಸರನ್ನೇ ಕರೆಯುತ್ತಿದ್ದಾನೆ. ಕೂಸನ್ನೆತ್ತಿಕೊಂಡು ಕೂಡಲೇ ಬಾ.

ದಾಕ್ಷಾಯಣಿಯ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. "ಇನ್ನೊಮ್ಮೆ ಓದು."

ರಶ್ಮಿ ಇನ್ನೊಮ್ಮೆ ಓದಿದಳು.

"ಯುಗಾದಿ ಎಲ್ಲೈತಿ?"

"ಯುಗಾದಿ ಇಲ್ಲವ್ವ."

"ಆರಾಮ ಅದೀವಿ ಅಂತ?"

"ಇಲ್ಲ."

ದಾಕ್ಷಾಯಣಿ ಗಂಡನ ಕಡೆ ತಿರುಗಿದಳು. "ನೀವು ಓದಿದ್ದೇನ್ರಿ ಹಂಗಾರ?"

ಚನ್ನಬಸವರಾಜ ತಟ್ಟೆ ಪಕ್ಕಕ್ಕೆ ಸರಿಸಿದ. "ನಾಯನ ಅನ್ನೋದು ತಿಳೀತು. ಕಡೀಗೆ ರಾ ಅನ್ನೋದು ತಿಳೀತು. ಅವೆರಡೂ ನಮ್ಮಂಗ ಇರ್ತಾವು. ನಡುವಿಂದು ತಿಳೀಲಿಲ್ಲ."

"ತಿಳೀಲಿಲ್ಲ ಅಂತ ಹೇಳ್ಬೇಕಿಲ್ರಿ?"

"ಮದುವ್ಯಾಗಿ ಎರಡು ವರ್ಷ ಆಗಿತ್ತು. ಓದಾಕ ಬರ್ತೈತಿ ಅಂತ ನಿಮ್ಮವರಿಗೆ ಹೇಳಿದ್ವಿ. ಯುಗಾದಿ ಹತ್ರ ಇತ್ತು. ಹಬ್ಬಕ್ಕ ಕರದಿರ್ತಾರ ಅಂದ್ಕೊಂಡೆ."

"ಅವನದೇನೂ ತಪ್ಪಿಲ್ಲ," ಎಂದಳು ಕೊಟ್ರಮ್ಮ, ದನಿ ಸಣ್ಣದು ಮಾಡಿ. "ಸುಳ್ಳು ಹೇಳಿದಾಕಿ ನಾನು. ಹೆಣ್ಣು ಚೊಲೊ ಇತ್ತು, ಕೈ ತಪ್ಪಬಾರದು ಅಂತ ಹೇಳಿದೆ."

ದಾಕ್ಷಾಯಣಿ ಕೂಗಲಿಲ್ಲ, ಅಳಲಿಲ್ಲ. ಸಾರಿನ ಪಾತ್ರೆಗೆ ಮುಚ್ಚಳ ಹಾಕಿ ಎದ್ದು ಹೋದಳು. ಮರುದಿನದಿಂದ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬಂದು ಮನೆಯ ಒಲೆಯ ಕಡೆ ನೋಡದೆ ಮಲಗುವಳು. ಎಪ್ಪತ್ತು ದಾಟಿದ ಕೊಟ್ರಮ್ಮ ನಡುಗುವ ಕೈಯಲ್ಲಿ ರೊಟ್ಟಿ ಬಡಿದಳು. ರೊಟ್ಟಿ ಹರಿದವು, ಕರಕಾದವು, ಯಾರೂ ಕೊಂಕು ತೆಗೆಯಲಿಲ್ಲ. ಚನ್ನಬಸವರಾಜ ಸೋಮವಾರ ಬುತ್ತಿಯಿಲ್ಲದೆ ಬಸ್ಸು ಹತ್ತಿದ.

ಗುರುವಾರ ದಾಕ್ಷಾಯಣಿ ಮಗಳಿಗೆ ಹೇಳಿದ್ದು ಒಂದೇ ಮಾತು. "ನಿಮ್ಮ ಮಾವನ ನಂಬರ್ ಹುಡುಕು."

ವೀರೇಶನನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ನಂಬರ್ ಬಂತು. ದಾಕ್ಷಾಯಣಿ ಮಾತ್ರ ಭಾನುವಾರದತನಕ ಕಾದಳು. ಗಂಡ ಎದುರಿಗಿರಬೇಕು ಎಂದಳು. ಮರುದಿನವೇ ರಶ್ಮಿಯ ತೆಲುಗು ಪರೀಕ್ಷೆ. ಅವಳು ಪುಸ್ತಕ ಮಡಚಿಟ್ಟು ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ನಡುಮನೆಯಲ್ಲಿಟ್ಟಳು. ಅಣ್ಣತಂಗಿ ಆಡಿದ್ದು ತೆಲುಗಿನಲ್ಲಿ.

"ಅಣ್ಣಾ, ನಾನು ದಾಕ್ಷಾಯಣಿ."

"ಹೇಳಮ್ಮಾ," ಎಂದಿತು ಒಂದು ಮುದಿ ದನಿ.

"ನಿನ್ನ ಪತ್ರ ಈಗ ಓದಿಸಿದೆ. ನೀ ಸುಳ್ಳ ಅಲ್ಲ. ನಾ ಅಷ್ಟು ಮಂದಿ ಎದುರಿಗೆ ನಿನಗ ಅಂದೆ."

"ಇರ್ಲಿ ಬಿಡಮ್ಮಾ. ನನಗ ಗೊತ್ತೈತಿ."

"ಏನು ಗೊತ್ತೈತಿ?"

"ಬಾವಗ ತೆಲುಗು ಓದಾಕ ಬರಂಗಿಲ್ಲಂತ."

ದಾಕ್ಷಾಯಣಿ ಫೋನಿನ ಕಡೆ ಬಗ್ಗಿದಳು. "ಯಾವಾಗಿಂದ ಗೊತ್ತೈತಿ?"

"ಆವತ್ತಿಂದನ. ನನ್ನ ಗಂಡ ಓದಿ ಹೇಳ್ಯಾನ ಅಂತ ನೀ ಕೂಗಿದ್ಯಲ್ಲ, ನಾ ಬಾವನ ಮುಖ ನೋಡಿದೆ. ತಲಿ ತಗ್ಗಿಸಿದ. ತಿಳೀತು."

"ಮತ್ತ ಯಾಕ ಹೇಳ್ಲಿಲ್ಲ?"

"ನೀ ಹಸಿ ಬಾಣಂತಿ. ಆ ಮನ್ಯಾಗ ಬಾಳೇವು ಮಾಡಬೇಕಾದಾಕಿ. ಅಳಿಯನ ಮರ್ಯಾದಿ ಮಂದಿ ಎದುರಿಗೆ ತಗಿಲೇನು? ನನ್ನ ಸುಳ್ಳ ಅಂದ್ರ ಅನ್ಲಿ ಅಂತ ಸುಮ್ನಾದೆ."

"ದೇವರಂಥಾ ಮನುಷ್ಯಾ," ಎಂದು ಕೊಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಶ್ಮಿಯ ಕಣ್ಣೂ ತುಂಬಿದವು. ಸದ್ಯ, ಎಲ್ಲ ಮುಗಿಯಿತು ಎಂದುಕೊಂಡಳು. ಚನ್ನಬಸವರಾಜ ಕೂತಲ್ಲೇ ಕೈ ಮುಗಿದ. "ಅವಗ ತಿಳೀತು ಅಂತ ನನಗೂ ಆವತ್ತ ಗೊತ್ತಾಗಿತ್ತು," ಎಂದ.

ದಾಕ್ಷಾಯಣಿ ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಫೋನನ್ನು ನೋಡಿದಳು.

"ಅಂದ್ರ ಇವರಿಗೆ ಗೊತ್ತಿತ್ತು. ನಮ್ಮ ಅತ್ತೀಗೂ ಗೊತ್ತಿತ್ತು. ಅಣ್ಣಾ, ನಿನಗೂ ಗೊತ್ತಿತ್ತು. ಹದಿನೆಂಟು ವರ್ಷ ಗೊತ್ತಿಲ್ದಾಕಿ ನಾನೊಬ್ಬಾಕಿನ. ನೀವೆಲ್ಲಾ ಕೂಡಿ ಇವರ ಮರ್ಯಾದಿ ಉಳಿಸಿದ್ರಿ. ನನ್ನ ತವರುಮನಿ ಯಾರಿಗೂ ನೆನಪಾಗ್ಲಿಲ್ಲೇನು?"

"ಬಾರಮ್ಮಾ, ಒಮ್ಮೆ ಬಂದು ಹೋಗು," ಎಂದ ಮರಿಬಸಪ್ಪ.

"ನಾಯನ ಗದ್ದಿಗಿಗೆ ಬರ್ತೀನಿ. ನಿನ್ನ ಮನಿಗೆ ಬರೋದು ಆಮ್ಯಾಲೆ ನೋಡ್ತೀನಿ."

ಅವಳೇ ಫೋನು ಮುಗಿಸಿದಳು. ಪತ್ರವನ್ನು ಮಗಳ ಮುಂದೆ ನೆಲದ ಮೇಲೆ ಹರಡಿದಳು.

"ನಾಯನ ನನ್ನ ಹೆಸರು ಕರೀತಾನ ಅಂತ ಬರದಾನಲ್ಲ, ಅದು ಎಲ್ಲೈತಿ? ಬಳ್ಳಿಟ್ಟು ತೋರ್ಸು."

ರಶ್ಮಿ ಎರಡನೆಯ ಸಾಲಿನ ಕೆಳಗೆ ಬೆರಳಿಟ್ಟಳು. "ಇದು ನೀ. ಇದು ಪೇರೇ. ಇದು ಪಿಲುಸ್ತುನ್ನಾಡು."

ದಾಕ್ಷಾಯಣಿ ಮಗಳ ಬೆರಳು ಸರಿಸಿ ತನ್ನದಿಟ್ಟಳು. "ಇಲ್ಲೇ ಇದ್ನೇನು? ನನ್ನ ಸೀರಿ ಕೆಳಗ?" ಎಂದಳು. "ಇಷ್ಟು ವರ್ಷ ಕರ್ಕೊಂತ ಇಲ್ಲೇ ಇದ್ನೇನು?"

ಆಮೇಲೆ ಅವಳು ಅತ್ತಳು. ನಾಯನಾ, ನಾಯನಾ ಎಂದು ಎದೆ ಬಡಿದುಕೊಂಡು, ಹೆಣದ ಮುಂದೆ ಕೂತವರು ಅಳುವಂತೆ ದೊಡ್ಡ ದನಿಯಲ್ಲಿ ಅತ್ತಳು. ಅಕ್ಕಪಕ್ಕದ ಮನೆಯವರು ಓಡಿಬಂದು ಬಾಗಿಲಲ್ಲಿ ನಿಂತು, "ಯಾರು ಹೋದ್ರು?" ಎಂದು ಕೇಳಿದರು.

"ನಮ್ಮ ಮಾವ," ಎಂದ ಚನ್ನಬಸವರಾಜ.